ಸೋಲಾರ್ ಹಾಕಿಸಿದ ಮೇಲೆ ನಮ್ಮ ಕರೆಂಟ್ ಬಿಲ್ ಜಾಸ್ತಿ ಆಯಿತು: ಕರಾವಳಿ ಕಡೆಯವರು ಓದಿ

ಅಂಕೋಲಾ, ಕುಮಟಾ, ಹೊನ್ನಾವರ ಕಡೆ ಮನೆ ಮೇಲೆ ಸೋಲಾರ್ ಹಾಕಿಸಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಡ್ವಾನ್ಸ್ ಕೊಟ್ಟಾಗಿದ್ದರೆ ಇವತ್ತೇ ಓದಿ. ಬರೆಯಲು ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನಮಗೆ ಮೋಸ ಮಾಡಿದ ಮನುಷ್ಯ ಈಗಲೂ ಮನೆಮನೆ ತಿರುಗುತ್ತಿದ್ದಾನೆ.

ನಮ್ಮ ಮನೆ ಅಂಕೋಲಾ ಹತ್ತಿರ, ಸಮುದ್ರದ ಪಕ್ಕ. ಬೇಸಿಗೆಯಲ್ಲಿ ಅತ್ತೆಯ ಕೋಣೆಗೆ ಎಸಿ ಬೇಕೇ ಬೇಕು. ಹಾಗಾಗಿ 220, 230 ಯೂನಿಟ್ ಆಗಿಬಿಡುತ್ತದೆ. 200 ದಾಟಿದರೆ ಗೃಹಜ್ಯೋತಿ ಇಲ್ಲ, ಪೂರ್ತಿ ಬಿಲ್ ಕಟ್ಟಬೇಕು, ನಿಮಗೆ ಗೊತ್ತೇ ಇದೆ. ಆತ ಬಂದದ್ದೇ ಈ ಲೆಕ್ಕ ಹಿಡಿದುಕೊಂಡು. ಕಳಿಸಿದವರು ಪರಿಚಯದವರೇ. ನಯವಾದ ಹುಡುಗ, ಬಾಯಿ ತೆರೆದರೆ ಅಕ್ಕಾ, ಅಕ್ಕಾ. ಅತ್ತೆಯ ಕಾಲಿಗೂ ನಮಸ್ಕಾರ ಮಾಡಿದ.

3 ಕಿಲೋವ್ಯಾಟ್‌ಗೆ 2.10 ಲಕ್ಷ ಅಂದ. ಅದರಲ್ಲಿ 78,000 ಪಿಎಂ ಸೂರ್ಯ ಘರ್ ಸಬ್ಸಿಡಿ, ತಿಂಗಳೊಳಗೆ ನಿಮ್ಮ ಖಾತೆಗೆ. ಉಳಿದ ಕರೆಂಟನ್ನು ಹೆಸ್ಕಾಂ ಯೂನಿಟ್‌ಗೆ 7 ರೂಪಾಯಿ ಕೊಟ್ಟು ತಗೊಳ್ಳುತ್ತದೆ. ಮಳೆಗಾಲದಲ್ಲಿ ಊರಿಡೀ ಕತ್ತಲಾದರೂ ನಿಮ್ಮ ಮನೆಯಲ್ಲಿ ಲೈಟ್ ಇರುತ್ತದೆ. ಇಷ್ಟೂ ಒಂದೇ ಉಸಿರಿನಲ್ಲಿ ಹೇಳಿದ. ಸಬ್ಸಿಡಿ ಸುಳ್ಳಲ್ಲ, 2024ರಲ್ಲಿ ಬಂದ ಕೇಂದ್ರ ಸರ್ಕಾರದ ಯೋಜನೆ ಅದು. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ಈ ಒಂದು ನಿಜವನ್ನು ಮೊಬೈಲ್‌ನಲ್ಲಿ ತೋರಿಸಿ ಉಳಿದದ್ದನ್ನೆಲ್ಲ ನಂಬಿಸಿದ.

ನೆರಳು ಬೀಳುತ್ತದೆ ಅಂತ ಎರಡು ತೆಂಗಿನ ಮರ ಕಡಿಸಿದ. ಮಾವ ನೆಟ್ಟ ಮರಗಳು, ಫಲ ಕೊಡುತ್ತಿದ್ದವು. ಅತ್ತೆ ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ದುಡ್ಡು ಹೋದದ್ದಕ್ಕಿಂತ ಅದು ನನಗೆ ಹೆಚ್ಚು ಉರಿಯುತ್ತದೆ.

ಸೊಸೈಟಿಯಲ್ಲಿ ಸಾಲ ಮಾಡಿ ಪೂರ್ತಿ ಹಣ ಕೊಟ್ಟೆವು. ಪ್ಯಾನೆಲ್ ಕೂರಿಸಿದರು, ಇನ್ವರ್ಟರ್ ಗೋಡೆಗೆ ಹಾಕಿದರು. "ಅಕ್ಕಾ, ಹೊಸ ಮೀಟರ್ ಆಮೇಲೆ ಬರ್ತದೆ, ಸುಮ್ನೆ ಯಾಕೆ ಬಿಸಿಲು ಹಾಳು ಮಾಡೋದು" ಅಂತ ಸ್ವಿಚ್ ಆನ್ ಮಾಡಿ ಹೊರಟ. ಇನ್ವರ್ಟರ್‌ನಲ್ಲಿ ದಿನಕ್ಕೆ 12 ಯೂನಿಟ್ ತೋರಿಸುತ್ತಿತ್ತು. ನಮಗೆ ಖುಷಿಯೋ ಖುಷಿ. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಮುಂದಿನ ಬಿಲ್ ಬಂತು. 418 ಯೂನಿಟ್!

ಮೀಟರ್ ಓದುವಾಗ ತಪ್ಪಾಗಿರಬೇಕು ಅಂದುಕೊಂಡೆವು. ಆತನಿಗೆ ಫೋನ್ ಮಾಡಿದರೆ, "ಅಕ್ಕಾ, ಎಸಿ ಜಾಸ್ತಿ ಓಡಿಸಿದ್ದೀರಿ, ಸೋಲಾರ್ ಇದೆ ಅಂತ ಎಲ್ಲರೂ ಹಾಗೇ ಮಾಡೋದು" ಅಂದ. ನಮ್ಮ ಮನೆಯವರು ಅದನ್ನು ನಂಬಿ ಅತ್ತೆಯ ಕೋಣೆಯ ಎಸಿ ಆರಿಸಲು ಶುರು ಮಾಡಿದರು. ಆ ಸೆಕೆಯಲ್ಲಿ!

ಕೊನೆಗೆ ಬೇರೆ ಕೆಲಸಕ್ಕೆ ಬಂದಿದ್ದ ಲೈನ್‌ಮ್ಯಾನ್ ನಮ್ಮ ಮೀಟರ್ ನೋಡಿ, "ಅಕ್ಕೋರೇ, ಇದು ಹಳೇ ಮೀಟರ್ ಅಲ್ವಾ? ಮಧ್ಯಾಹ್ನ ಎಲ್ಲ ಆರಿಸಿ ಒಮ್ಮೆ ನೋಡಿ" ಅಂದರು. ನೋಡಿದೆ. ಫ್ಯಾನ್, ಪಂಪು, ಟಿವಿ ಎಲ್ಲ ಬಂದ್. ಫ್ರಿಜ್ ಪ್ಲಗ್ ಕೂಡ ಕಿತ್ತೆ. ಮನೆಯಲ್ಲಿ ಒಂದು ಬಲ್ಬೂ ಉರಿಯುತ್ತಿಲ್ಲ. ಆದರೂ ಮೀಟರಿನ ಕೆಂಪು ಲೈಟ್ ಪಿಳಿಪಿಳಿ ಹೊಡೆಯುತ್ತಲೇ ಇದೆ, ಮೊದಲಿಗಿಂತ ಜೋರಾಗಿ. ಮೋಡ ಬಂದರೆ ನಿಧಾನ. ಬಿಸಿಲು ಬಿದ್ದರೆ ಮತ್ತೆ ಜೋರು. ಇನ್ವರ್ಟರ್ ಆರಿಸಿದೆ. ಲೈಟ್ ನಿಂತುಹೋಯಿತು. ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಕೈಕಾಲು ನಡುಗುತ್ತಿತ್ತು.

ವಿಷಯ ಇಷ್ಟೇ. ಒಳಗೆ ಬಂದದ್ದು, ಹೊರಗೆ ಹೋದದ್ದು ಎರಡನ್ನೂ ಬೇರೆಬೇರೆಯಾಗಿ ಬರೆದುಕೊಳ್ಳುವುದು ಎರಡು ದಿಕ್ಕಿನ ನೆಟ್ ಮೀಟರ್ ಮಾತ್ರ. ಹಳೆಯ ಮೀಟರುಗಳಲ್ಲಿ ಎಷ್ಟೋ, ಕರೆಂಟ್ ಯಾವ ಕಡೆ ಹರಿದರೂ ಬಳಕೆ ಅಂತಲೇ ಲೆಕ್ಕ ಹಿಡಿಯುತ್ತವೆ. ಕರೆಂಟ್ ಕದಿಯಬಾರದು ಅಂತ ಹಾಗೆ ಮಾಡಿರುತ್ತಾರೆ. ಅಂದರೆ ನಮ್ಮ ಛಾವಣಿಯಿಂದ ಹೊರಗೆ ಹೋದ ಕರೆಂಟಿಗೆ ನಾವೇ ದುಡ್ಡು ಕಟ್ಟಿದೆವು! ನಮ್ಮದೇ ಬಿಸಿಲು, ನಮ್ಮದೇ ಪ್ಯಾನೆಲ್, ನಮಗೇ ಬಿಲ್! ಬಿಸಿಲು ಹೆಚ್ಚಿದಷ್ಟೂ ಬಿಲ್ ಹೆಚ್ಚು. ಇದು ಆತನಿಗೆ ಗೊತ್ತಿರಲಿಲ್ಲವಾ? ಇದನ್ನೇ ಕಸುಬು ಮಾಡಿಕೊಂಡವನಿಗೆ?

ಸೆಕ್ಷನ್ ಆಫೀಸಿಗೆ ಹೋದೆವು. ಆರ್.ಆರ್. ನಂಬರ್ ಹಾಕಿ ನೋಡಿ, "ನಮ್ಮ ಲೆಕ್ಕದಲ್ಲಿ ನಿಮ್ಮ ಮನೆಗೆ ಸೋಲಾರೇ ಇಲ್ಲವಲ್ಲ" ಅಂದರು. ಅರ್ಜಿ ಇಲ್ಲ, ಒಪ್ಪಂದ ಇಲ್ಲ. ಅನುಮತಿ ಇಲ್ಲದೆ ಲೈನಿಗೆ ಸೇರಿಸಬಾರದು, ಮೊದಲು ಬಂದ್ ಮಾಡಿ ಅಂದರು. ಅವರು ಹೇಳಿದ್ದು ಸರಿಯೇ. ಎಲ್ಲರ ಎದುರು ತಲೆ ತಗ್ಗಿಸಿ ನಿಂತವರು ನಾವು. ಆಧಾರ್, ಪಾಸ್‌ಬುಕ್ ಜೆರಾಕ್ಸ್ ಎಲ್ಲ ಅರ್ಜಿಗೆ ಅಂತ ಒಯ್ದಿದ್ದ. ಅದು ಎಲ್ಲಿ ಹೋಯಿತೋ.

ಇನ್ನು ಆತನ ಉತ್ತರಗಳು. "ಅಕ್ಕಾ, ಸರ್ವರ್ ಡೌನ್." "ಅಕ್ಕಾ, ಮೀಟರ್ ಸ್ಟಾಕ್ ಇಲ್ಲ." "ಅಕ್ಕಾ, ಸೋಮವಾರ ಗ್ಯಾರಂಟಿ." ಶಿರಸಿಯಿಂದ ನನ್ನ ಅಕ್ಕನ ಮಗ ಬಂದು ಟೆರೇಸ್ ಹತ್ತಿ ಪ್ಯಾನೆಲ್ ಹಿಂದಿನ ಚೀಟಿಯ ಫೋಟೋ ತೆಗೆದ. ಮೇಡ್ ಇನ್ ಚೀನಾ. ಸಬ್ಸಿಡಿ ಸಿಗಬೇಕಾದರೆ ಪ್ಯಾನೆಲ್ಲೂ ಅದರೊಳಗಿನ ಸೆಲ್ಲೂ ನಮ್ಮ ದೇಶದಲ್ಲೇ ತಯಾರಾಗಿರಬೇಕು, ಡಿಸಿಆರ್ ಅಂತಾರೆ. ಅಂದರೆ ಈಗ ಅರ್ಜಿ ಹಾಕಿದರೂ ಈ ಪ್ಯಾನೆಲ್‌ಗೆ 78,000 ಬರುವುದಿಲ್ಲ. ಫೋಟೋ ಕಳಿಸಿದೆ. ಎರಡು ದಿನ ಸುಮ್ಮನಿದ್ದು ಬಂದ ಉತ್ತರ ಇದು: "ಮೇಡಂ, ನಾವು ಪ್ಯಾನೆಲ್ ಹಾಕಿಕೊಡೋವರು. ಸಬ್ಸಿಡಿ ಸರ್ಕಾರದ ವಿಷಯ. ನಮ್ಮ ಚೀಟಿಯಲ್ಲಿ ಸಬ್ಸಿಡಿ ಅಂತ ಎಲ್ಲಾದರೂ ಬರೆದಿದೆಯಾ ತೋರಿಸಿ."

ಇಲ್ಲ, ಬರೆದಿಲ್ಲ. ಬೇಕೆಂದೇ ಬರೆದಿಲ್ಲ. ಜಿಎಸ್‌ಟಿ ಬಿಲ್ಲೂ ಇಲ್ಲ, ಕೈಯಲ್ಲಿ ಗೀಚಿದ ಒಂದು ಕೊಟೇಶನ್ ಅಷ್ಟೇ.

ಮಳೆಗಾಲದ ಲೈಟಿನ ಮಾತೂ ಸುಳ್ಳು. ಕರೆಂಟ್ ತಯಾರಿಸುವ ಕೈಗಾ, ಕದ್ರಾ ನಮ್ಮ ಜಿಲ್ಲೆಯಲ್ಲೇ ಇದ್ದರೂ ಜೂನ್ ಗಾಳಿಗೆ ಮರ ಬಿದ್ದರೆ ನಮಗೆ ಕರೆಂಟ್ ಇಲ್ಲ, ಅದು ಎಲ್ಲರಿಗೂ ಗೊತ್ತು. ಬ್ಯಾಟರಿ ಇಲ್ಲದೆ ಲೈನಿಗೆ ಸೇರಿಸಿದ ಆನ್‌ಗ್ರಿಡ್ ಸೋಲಾರ್ ಕೂಡ ಲೈನ್ ಹೋದ ತಕ್ಷಣ ತಾನೇ ನಿಲ್ಲುತ್ತದೆ. ಕಂಬದ ಮೇಲಿರುವ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದಲ್ಲ. 7 ರೂಪಾಯಿಯೂ ಬರೀ ಮಾತು. ಉಳಿದ ಕರೆಂಟಿನ ದರ ನಿಗದಿ ಮಾಡುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ), ಸಬ್ಸಿಡಿ ಪಡೆದವರಿಗೆ ಅದು ಇನ್ನೂ ಕಡಿಮೆ. ಪಕ್ಕದ ಮನೆಯವರಿಗೆ ತಿಂಗಳಿಗೆ 90 ಯೂನಿಟ್, ಗೃಹಜ್ಯೋತಿಯಿಂದ ಬಿಲ್ ಸೊನ್ನೆ. ಅವರಿಗೂ "ಬಿಲ್ ಉಳಿಯುತ್ತದೆ" ಅಂತ ಹೇಳಿ ಹೋಗಿದ್ದಾನೆ! ಇಲ್ಲದ ಬಿಲ್ ಉಳಿಯುವುದು ಹೇಗೆ?

ಸೋಲಾರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸರಿಯಾಗಿ ಹಾಕಿಸಿದವರು ಹಾಯಾಗಿದ್ದಾರೆ. ಆದರೆ ಪಿಎಂ ಸೂರ್ಯ ಘರ್ ಪೋರ್ಟಲ್‌ನಲ್ಲಿ ನಿಮ್ಮ ಮೊಬೈಲ್ ನಂಬರಿನಿಂದ ನೀವೇ ಅರ್ಜಿ ಹಾಕಿ, ಒಟಿಪಿ ನಿಮಗೇ ಬರಬೇಕು. ನಮಗೆ ಒಂದು ಒಟಿಪಿಯೂ ಬಂದಿರಲಿಲ್ಲ. ಹೆಸ್ಕಾಂ ಒಪ್ಪಿಗೆಗೆ ಮುಂಚೆ ದೊಡ್ಡ ಮೊತ್ತ ಬೇಡ. ಡಿಸಿಆರ್, ಸಬ್ಸಿಡಿ, ನೆಟ್ ಮೀಟರ್ ಎಲ್ಲವೂ ಬಿಲ್ಲಿನಲ್ಲಿ ಬರೆದಿರಲಿ. ಕಂಬಿಗಳು ಜಿಂಕ್ ಲೇಪ ಮಾಡಿದ ಜಿಐ ಆಗಿರಲಿ. ನಮ್ಮದು ಬರೀ ಪೇಂಟ್ ಹೊಡೆದ ಕಬ್ಬಿಣ, ಉಪ್ಪುಗಾಳಿಗೆ ಬೋಲ್ಟ್ ಸುತ್ತ ಆಗಲೇ ತುಕ್ಕು. ನೆಟ್ ಮೀಟರ್ ಬರುವವರೆಗೆ ಸ್ವಿಚ್ ಆನ್ ಮಾಡಲು ಬಿಡಬೇಡಿ. ಯಾರೇ ಹೇಳಲಿ, ಬಿಡಬೇಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ. ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇವೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕ ಇಲ್ಲ. ಇದೇ ರೀತಿ ಮೋಸ ಹೋದವರು ನಮ್ಮ ಕಡೆ ಇನ್ನೂ ಇದ್ದಾರೆ ಅಂತ ಕೇಳಿದ್ದೇನೆ. ನಿಮ್ಮ ಹತ್ತಿರ ಹಣ ಕಳಿಸಿದ ದಾಖಲೆ, ಆತನ ಮೆಸೇಜುಗಳು ಇದ್ದರೆ ಅಳಿಸಬೇಡಿ. ನನಗೆ ತಿಳಿಸಿ, ನಿಮ್ಮ ದೂರನ್ನೂ ನಮ್ಮದರ ಜೊತೆಗೇ ಕೊಡೋಣ.