ಎಂಟು ಜನ ಕೂತರೂ ಯಾರೂ ಕಾಯಬೇಕಿಲ್ಲ: ಸೆವೆನ್ ವಂಡರ್ಸ್ ಜೋಡಿ ಆಟ

ಮನೆ ತುಂಬ ಜನ ಸೇರಿದಾಗ ಆಡಲು ಒಂದೇ ಒಂದು ಬೋರ್ಡ್ ಗೇಮ್ ಕೊಳ್ಳುವುದಾದರೆ ಸೆವೆನ್ ವಂಡರ್ಸ್ ಕೊಳ್ಳಿ, ಜೊತೆಗೆ ಮೂಲ ಆಟಕ್ಕೆ ಸೇರಿಸಿಕೊಳ್ಳುವ ಅದರ ‘ಸಿಟೀಸ್’ ವಿಸ್ತರಣೆಯನ್ನೂ. ತುಮಕೂರಿನ ನಮ್ಮ ಮನೆಗೆ ಇದು ಬಂದು ವರ್ಷಗಳಾದವು. ಸಿದ್ಧಗಂಗೆ ಜಾತ್ರೆಗೋ ಬೇಸಿಗೆ ರಜೆಗೋ ನೆಂಟರು ಬಂದರೆ ಊಟ ಮುಗಿಯುತ್ತಲೇ ಮಕ್ಕಳು ಡಬ್ಬ ತಂದಿಡುತ್ತಾರೆ.

ಆಂಟ್ವಾನ್ ಬೋಜಾ ರೂಪಿಸಿದ ಈ ಆಟ ಬಂದದ್ದು 2010ರಲ್ಲಿ. ಮರುವರ್ಷವೇ, ಪಳಗಿದ ಆಟಗಾರರ ಆಟಗಳಿಗೆ ಕೊಡುವ ಜರ್ಮನಿಯ ಕೆನ್ನರ್‌ಷ್ಪೀಲ್ ಪ್ರಶಸ್ತಿ ಪಡೆಯಿತು. ಒಬ್ಬೊಬ್ಬರಿಗೆ ಒಂದೊಂದು ಪ್ರಾಚೀನ ನಗರ, ಕಟ್ಟಲು ಅದರದೇ ಒಂದು ಅದ್ಭುತ: ಗೀಜಾ, ಬ್ಯಾಬಿಲಾನ್, ರೋಡ್ಸ್ ಹೀಗೆ. ಎಲ್ಲರೂ ಕೈಲಿರುವ ಕಾರ್ಡುಗಳಲ್ಲಿ ಒಂದನ್ನು ಆರಿಸಿ ಒಟ್ಟಿಗೇ ತಿರುವಿ ಹಾಕಿ, ಉಳಿದದ್ದನ್ನು ಪಕ್ಕದವರಿಗೆ ದಾಟಿಸಬೇಕು. ಸರದಿ ಅಂತ ಇಲ್ಲವೇ ಇಲ್ಲ. ನಮ್ಮಲ್ಲಿ ಎಷ್ಟೋ ಆಟಗಳು ಮೂಲೆ ಸೇರಿದ್ದು ಸರದಿಗೆ ಕಾದು ಕಾದು ಬೇಸತ್ತೇ.

ಮೂಲ ಡಬ್ಬದಲ್ಲಿ ಏಳು ಜನಕ್ಕಷ್ಟೇ ಜಾಗ. ಎಂಟನೆಯವರಿಗೂ ಜೋಡಿ ಆಟಕ್ಕೂ ‘ಸಿಟೀಸ್’ ಬೇಕು. ನನ್ನ ಮಟ್ಟಿಗೆ ಆಟದ ಜೀವ ಇರುವುದು ಈ ಜೋಡಿಯಲ್ಲೇ. ಜೊತೆಗಾರರು ಅಕ್ಕಪಕ್ಕ ಕೂರುತ್ತಾರೆ, ಒಬ್ಬರ ಕಾರ್ಡು ಇನ್ನೊಬ್ಬರು ನೋಡಬಹುದು, ಮಾತಾಡಿಕೊಳ್ಳಬಹುದು. ಕಾರ್ಡು, ದುಡ್ಡು ಮಾತ್ರ ಕೈ ಬದಲಿಸುವಂತಿಲ್ಲ. ಕೊನೆಗೆ ಇಬ್ಬರ ಅಂಕವೂ ಒಟ್ಟು ಸೇರುತ್ತದೆ.

ನಮ್ಮ ದೊಡ್ಡಮ್ಮನಿಗೆ ಇಂಗ್ಲಿಷ್ ಓದಲು ಬಾರದು. ಆದರೂ ಅವರು ಜೊತೆಗಿದ್ದರೆ ಗೆದ್ದಂತೆಯೇ. ಕಾರ್ಡಿನ ಮೇಲೆ ಕೆಲಸಕ್ಕೆ ಬರುವುದೆಲ್ಲ ಚಿತ್ರ, ಬಣ್ಣ, ಅಂಕಿ. ಕೆಂಪು ಸೈನ್ಯ, ಹಸಿರು ವಿಜ್ಞಾನ, ಹಳದಿ ವ್ಯಾಪಾರ. ದೊಡ್ಡಮ್ಮ ನನ್ನ ಎಡಕ್ಕೆ ಕೂತರೆ ಮೊದಲ ಯುಗದಲ್ಲಿ, ಅಂದರೆ ಆಟದ ಮೊದಲ ಸುತ್ತಿನಲ್ಲಿ, ನಾನು ಬಿಟ್ಟ ಕಾರ್ಡು ಅವರಿಗೆ ಹೋಗುತ್ತದೆ. ಎರಡನೇ ಯುಗದಲ್ಲಿ ದಿಕ್ಕು ತಿರುಗಿ ಅವರು ಬಿಟ್ಟದ್ದು ನನಗೆ. ಅವರ ಕೈ ನನಗೆ ಕಾಣುವುದರಿಂದ ಮುಂದೆ ಏನು ಬರುತ್ತದೆಂದು ಗೊತ್ತಿರುತ್ತದೆ. “ದೊಡ್ಡಮ್ಮ, ಗಾಜು ನಂಗೆ ಬಿಡಿ” ಅಂದರೆ, “ಗಾಜು ಇರ್ಲಿ ಕಣೋ, ಈ ಕೆಂಪು ನಾನ್ ಬಿಟ್ರೆ, ನೀನೂ ಬಿಟ್ರೆ ನಿಮ್ಮಾವನ ಕೈ ಸೇರುತ್ತೆ” ಅಂತ ತಮ್ಮ ಅದ್ಭುತದ ಕಟ್ಟೆಯಡಿ ಅದನ್ನು ಹೂತೇಬಿಡುತ್ತಾರೆ. ಬೇಡದ ಕಾರ್ಡನ್ನು ಮುಚ್ಚಿಟ್ಟು ಕಟ್ಟಡ ಏರಿಸಲು ನಿಯಮದಲ್ಲೇ ಅವಕಾಶವಿದೆ. ಜೊತೆಗಾರರ ನಡುವೆ ಯುದ್ಧವಿಲ್ಲ, ಆಚೆ ಪಕ್ಕದವರ ಜೊತೆ ಮಾತ್ರ. ಆ ಒಂದು ಯುದ್ಧದ ಲಾಭ ನಷ್ಟ ಎರಡರಷ್ಟು, ಹಾಗಾಗಿ ಅವರ ಹಟ ಸರಿಯೇ.

ತೊಡಕುಗಳೂ ಇವೆ. ಹಸಿರು ಕಾರ್ಡಿನ ಲೆಕ್ಕ ಹೊಸಬರಿಗೆ ತಲೆಗೆ ಹೋಗುವುದಿಲ್ಲ: ಒಂದೇ ಚಿಹ್ನೆ ಮೂರಿದ್ದರೆ ಒಂಬತ್ತು ಅಂಕ, ನಾಲ್ಕಿದ್ದರೆ ಹದಿನಾರು, ಮೂರೂ ಬಗೆ ಒಂದೊಂದು ಸೇರಿದರೆ ಇನ್ನೊಂದು ಏಳು. ನಮ್ಮಲ್ಲಿ ಇದಕ್ಕೆ ಪಿಯುಸಿ ಓದುವ ಹುಡುಗಿಯೊಬ್ಬಳು ಕಾಯಂ ಗುಮಾಸ್ತೆ. ಡಬ್ಬದ ಮೇಲೆ ಅರ್ಧ ಗಂಟೆ ಅಂತಿದೆ, ಎಂಟು ಜನಕ್ಕೆ ಒಂದು ಗಂಟೆ ಬೇಕೇ ಬೇಕು. ಡೈನಿಂಗ್ ಟೇಬಲ್ ಸಾಲದು. ನಾವು ನಡುಮನೆಯಲ್ಲಿ ಜಮಖಾನ ಹಾಸಿ ಸುತ್ತ ಕೂರುತ್ತೇವೆ. ಕಾರ್ಡುಗಳಿಗೆ ಪ್ಲಾಸ್ಟಿಕ್ ಕವರ್ ಮೊದಲ ದಿನವೇ ಹಾಕಿಬಿಡಿ. ಕೋಡುಬಳೆ ತಿಂದ ಕೈಗೆ ಯಾವ ಕಾರ್ಡೂ ತಡೆಯುವುದಿಲ್ಲ.

ಹೊಸಬರಿದ್ದರೆ ಮೊದಲೆರಡು ಆಟ ಏಳು ಜನದೊಳಗೇ ಆಡಿ, ‘ಸಿಟೀಸ್’ನ ಕಪ್ಪು ಕಾರ್ಡು ಬದಿಗಿಡಿ. ಅವು ಬೇರೆಯವರ ದುಡ್ಡು ಕಳೆಯುತ್ತವೆ, ಕೊಡಲಾಗದವರಿಗೆ ಸಾಲ ಹೊರಿಸುತ್ತವೆ. ನಿಯಮ ಅರಿಯದ ಮಕ್ಕಳಿಗೆ ಅದು ಬೇಸರ ತರಿಸುತ್ತದೆ. ಪಳಗಿದವರಿಗೆ ಮಾತ್ರ ಆ ಸಾಲದ ಗದ್ದಲವೇ ರುಚಿ.

ಕೊಳ್ಳುವಾಗ ಒಂದು ಎಚ್ಚರ. 2020ರಲ್ಲಿ ಹೊಸ ಆವೃತ್ತಿ ಬಂದಿದೆ. ಹಳೆಯ ಡಬ್ಬಕ್ಕೆ ಹೊಸ ‘ಸಿಟೀಸ್’ ಹೊಂದುವುದಿಲ್ಲ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಎರಡೂ ಒಂದೇ ಆವೃತ್ತಿಯವೇ ಎಂದು ಫೋಟೊ ತರಿಸಿ ನೋಡಿಯೇ ದುಡ್ಡು ಕೊಡಿ.