ಬ್ಯಾಂಡೇಜ್ ಬಿಚ್ಚುವ ಮೊದಲು ಯಾವ ಕಾಗದಕ್ಕೂ ಸಹಿ ಹಾಕಬೇಡಿ

ನನ್ನ ರಾಜೀನಾಮೆ ಪತ್ರದಲ್ಲಿರೋ ಸಹಿ ಎಡಗೈಯದು. ಬಲಗೈಗೆ ಆಗ ಮೊಣಕೈವರೆಗೂ ಬ್ಯಾಂಡೇಜ್ ಇತ್ತು. ಒಂದನೇ ಕ್ಲಾಸಿನ ಮಗು ಗೀಚಿದ ಹಾಗಿದೆ.

ಇದು 2022ರ ಮಾತು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಆರು ವರ್ಷದಿಂದ ಪವರ್ ಪ್ರೆಸ್ ಅನ್ನೋ, ಲೋಹದ ತಗಡು ಒತ್ತಿ ಕತ್ತರಿಸುವ ಯಂತ್ರ ಓಡಿಸುತ್ತಿದ್ದೆ. ಎರಡು ಕೈಯಿಂದ ಎರಡು ಬಟನ್ ಒತ್ತಿದರೆ ಮಾತ್ರ ಅದರ ಅಚ್ಚು (ಡೈ) ಇಳಿಯಬೇಕು. ಕೆಲಸ ಬೇಗ ಆಗಲಿ ಅಂತ ಒಂದು ಬಟನ್‌ಗೆ ಟೇಪ್ ಸುತ್ತಿ ಒತ್ತಿಟ್ಟಿದ್ದರು. ನೈಟ್ ಶಿಫ್ಟಲ್ಲಿ ತೋರುಬೆರಳಿನ ತುದಿಯ ಗೆಣ್ಣು ಹೋಯಿತು.

ಇಎಸ್‌ಐ ಅಂದರೆ ಕಾರ್ಮಿಕರ ಸರ್ಕಾರಿ ವಿಮೆ ಇತ್ತು, ಪುಣ್ಯ. ಆಸ್ಪತ್ರೆ ಖರ್ಚಿಲ್ಲ, ರಜೆಯ ದಿನಗಳಿಗೆ ಕೂಲಿಯ ಶೇ. 90ರಷ್ಟು ಬಂತು. ಆಮೇಲೆ ಮೆಡಿಕಲ್ ಬೋರ್ಡ್ ದುಡಿಯುವ ಶಕ್ತಿಯಲ್ಲಿ ಶೇ. 9 ನಷ್ಟ ಅಂತ ಬರೆಯಿತು. ಒಂದು ಗೆಣ್ಣಿಗೆ ಕಾನೂನಿನ ಪಟ್ಟಿಯಲ್ಲಿರೋದು ಅಷ್ಟೇ.

ಐದನೇ ವಾರ ಎಚ್‌ಆರ್ ಕರೆಸಿದರು. ಟೀ ಕೊಟ್ಟರು. "ಇಎಸ್‌ಐ ದುಡ್ಡು ಬರ್ತಾ ಇದೆ ಅಲ್ವೇನಪ್ಪಾ? ಇಲ್ಲೊಂದು ಸೈನ್ ಹಾಕು. ಕೈ ವಾಸಿ ಆದ್ಮೇಲೆ ಬಾ, ಹೊಸದಾಗಿ ತಗೋತೀವಿ." ಕಾಗದ ಇಂಗ್ಲಿಷಲ್ಲಿತ್ತು. ಸ್ವಂತ ಕಾರಣಕ್ಕೆ ಕೆಲಸ ಬಿಡುತ್ತಿದ್ದೇನೆ, ಲೆಕ್ಕ ಪೂರ್ತಿ ಚುಕ್ತಾ ಆಗಿದೆ ಅಂತ. ಓದಿಸಿಕೊಳ್ಳಲಿಲ್ಲ. ಫಿಟ್‌ನೆಸ್ ಸರ್ಟಿಫಿಕೇಟ್ ಹಿಡಿದು ಹೋದಾಗ ಸೆಕ್ಯುರಿಟಿ ಗೇಟಿನೊಳಗೇ ಬಿಡಲಿಲ್ಲ.

ಕೇಳಿದ್ದಕ್ಕೆ, "ಇಎಸ್‌ಐ ತಗೊಂಡಿದ್ದೀಯ, ಇನ್ನು ಕೇಸ್ ಹಾಕೋಕೆ ಬರಲ್ಲ" ಅಂದರು. ಒಂದೂವರೆ ವರ್ಷ ಇದನ್ನು ನಂಬಿ ಸುಮ್ನೆ ಕೂತಿದ್ದೆ. ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಅಪಾಯ. ಇಎಸ್‌ಐ ಇದ್ದವರು ಅದೇ ಗಾಯಕ್ಕೆ 1923ರ ಕಾರ್ಮಿಕ ಪರಿಹಾರ ಕಾಯ್ದೆಯಲ್ಲಿ ಮಾಲೀಕರಿಂದ ಮತ್ತೆ ಪರಿಹಾರ ಕೇಳುವ ಹಾಗಿರಲಿಲ್ಲ. ಆದರೆ ಅದು ಗಾಯದ ಲೆಕ್ಕ. ಕೆಲಸದಿಂದ ತೆಗೆದ ಲೆಕ್ಕ ಬೇರೆ, ಅದಕ್ಕೆ ಆಗ ಲೇಬರ್ ಕೋರ್ಟ್ ಇತ್ತು.

ವಕೀಲರು ಹೇಳಿದ್ದು ಕೇಳಿ ತಲೆ ಚಚ್ಚಿಕೊಂಡೆ. 1948ರ ಇಎಸ್‌ಐ ಕಾಯ್ದೆಯ 73ನೇ ಸೆಕ್ಷನ್ ಪ್ರಕಾರ, ಗಾಯಕ್ಕೆ ಭತ್ಯೆ ಪಡೆಯುತ್ತಿರುವ ದಿನಗಳಲ್ಲಿ ಆಗ ವಜಾ ಮಾಡುವ ಹಾಗಿರಲಿಲ್ಲ. ನೋಟಿಸ್ ಕೊಟ್ಟರೂ ಅದು ಊರ್ಜಿತ ಆಗುತ್ತಿರಲಿಲ್ಲ. ನನಗೆ ನೋಟಿಸೇ ಕೊಡಲಿಲ್ಲವಲ್ಲ! ನಾನೇ ಬಿಟ್ಟೆ ಅಂತ ಬರೆಸಿಕೊಂಡರು. ಬರೀ ರಿಟ್ರೆಂಚ್‌ಮೆಂಟ್, ಅಂದರೆ ಆಳು ಹೆಚ್ಚಾಯಿತು ಅಂತ ತೆಗೆಯೋದು, ಮಾಡಿದ್ದರೂ ಒಂದು ತಿಂಗಳ ನೋಟಿಸ್, ವರ್ಷಕ್ಕೆ 15 ದಿನದಂತೆ 90 ದಿನದ ಕೂಲಿ ಕೊಡಬೇಕಿತ್ತು. ಅದೂ ಉಳಿಯಿತು ಅವರಿಗೆ.

ಮೊದಲು ಲೇಬರ್ ಆಫೀಸಲ್ಲಿ ಅರ್ಜಿ ಕೊಟ್ಟೆ. 45 ದಿನ ಕಳೆದರೂ ರಾಜಿ ಆಗಲಿಲ್ಲ, ಕೋರ್ಟಿಗೆ ಹೋದೆವು. ನನಗೆ ಮೂರು ವರ್ಷದ ಗಡುವಿತ್ತು, ಬಚಾವಾದೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಕಾನೂನುಗಳು (ಕೋಡ್‌ಗಳು) ಬಂದಿವೆ, ಗಡುವು ಎರಡೇ ವರ್ಷ. ನಿಮ್ಮ ಕೇಸಿಗೆ ಯಾವ ಕಾನೂನು ಅಂತ ತಡಮಾಡದೆ ವಕೀಲರನ್ನು ಕೇಳಿ.

ಈಗ ನನ್ನ ಕೈಲಿರೋದು ಇಎಸ್‌ಐ ಡಾಕ್ಟರ್ ಕೊಟ್ಟ ರಜೆ ಸರ್ಟಿಫಿಕೇಟ್. ರಾಜೀನಾಮೆಯ ತಾರೀಕು ಅದೇ ರಜೆಯ ಒಳಗೆ ಬೀಳುತ್ತದೆ. ಆ ಸೊಟ್ಟ ಸಹಿಯೂ ನನ್ನ ಕಡೆಗೇ ಮಾತಾಡುತ್ತದೆ ಅಂತಾರೆ ವಕೀಲರು. ಟೇಪ್ ಸುತ್ತಿದ ಬಟನ್‌ನ ಫೋಟೋ ಕೂಡ ಇತ್ತು. ಫೋನ್ ಬದಲಾಯಿಸುವಾಗ ಹೋಯಿತು.