ಎರಡು ಜಿಬಿಯ ಬಾಡಿಗೆ ಸರ್ವರ್: ಮೆಮೊರಿ ಸ್ಲೈಡರ್ ಹೇಳದೆ ಬಿಟ್ಟ ಲೆಕ್ಕ

ಮಡಿಕೇರಿಯಲ್ಲಿ ಕುಳಿತು ನಾಲ್ಕು ಸಣ್ಣ ವೆಬ್‌ಸೈಟುಗಳನ್ನು ನೋಡಿಕೊಳ್ಳುವ ನಾನು, ಅವನ್ನು ಹಂಚಿಕೆಯ ಹೋಸ್ಟಿಂಗ್‌ನಿಂದ ಬಿಡಿಸಿ ಒಂದು ಖಾಸಗಿ ಸರ್ವರ್‌ಗೆ ತಂದು ಒಂದೂವರೆ ವರ್ಷವಾಯಿತು. ಇಲ್ಲಿನದೇ ಒಂದು ಹೋಮ್‌ಸ್ಟೇ, ಕುಶಾಲನಗರದ ಕಾಫಿಪುಡಿ ಅಂಗಡಿ, ವಿರಾಜಪೇಟೆಯ ಜೇನು ಮತ್ತು ಕಾಳುಮೆಣಸಿನ ವ್ಯಾಪಾರ, ಗೋಣಿಕೊಪ್ಪದ ಒಂದು ನರ್ಸರಿ, ನಾಲ್ಕೂ ವರ್ಡ್‌ಪ್ರೆಸ್‌ನಲ್ಲಿವೆ. ಮನೆಯಲ್ಲೇ ಒಂದು ಯಂತ್ರ ಇಟ್ಟು ನಡೆಸಬಾರದೇಕೆ ಎಂದು ಕೇಳುವವರು ಕಕ್ಕಡದ ಮಳೆಯಲ್ಲಿ ಒಮ್ಮೆ ನಮ್ಮೂರಿಗೆ ಬರಬೇಕು; ಮರ ಬಿದ್ದು ಕಂಬ ಮುರಿದರೆ ಕರೆಂಟ್ ಯಾವಾಗ ಬಂದೀತೆಂದು ಹೇಳುವವರೇ ಇರುವುದಿಲ್ಲ.

ತಿಂಗಳಿಗೆ ಎಂಟುನೂರು ರೂಪಾಯಿಯ ಒಳಗೆ ಸಿಕ್ಕಿದ್ದು 2 ಜಿಬಿ ಮೆಮೊರಿ, ಎರಡು ಕೋರ್, ರೂಟ್ (ಪೂರ್ಣ ಅಧಿಕಾರದ) ಪ್ರವೇಶ ಮತ್ತು ಎಲ್ಲವನ್ನೂ ಬ್ರೌಸರ್‌ನಲ್ಲೇ ನಡೆಸುವ ಒಂದು ಪ್ಯಾನೆಲ್. ಮುಂದೆ ದೂರು ಹೇಳಬೇಕಿರುವುದರಿಂದ ಕಂಪನಿಯ ಹೆಸರು ಬರೆಯುತ್ತಿಲ್ಲ. ವೇಗದ ಬಗ್ಗೆ ತಕರಾರಿಲ್ಲ, ಬ್ಯಾಕಪ್ ಸಮಯಕ್ಕೆ ಸರಿಯಾಗಿ ಆಗುತ್ತದೆ. ನನ್ನ ಮಾತೆಲ್ಲ ಆ ಪ್ಯಾನೆಲ್‌ನ ಒಂದು ಪುಟದ ಮೇಲೆ.

ಆ ಪುಟದಲ್ಲಿ ಪ್ರತಿ ಸೈಟಿನ ಹೆಸರಿನ ಮುಂದೆ ‘ಸೈಟಿನ ಮೆಮೊರಿ ಮಿತಿ’ ಎಂದು ಬರೆದ ಒಂದು ಸ್ಲೈಡರ್ ಇದೆ. ಹೋಮ್‌ಸ್ಟೇಯ ಬುಕಿಂಗ್ ಪ್ಲಗಿನ್ ಮೆಮೊರಿ ಸಾಲದು ಎಂದು ಗೊಣಗಿದಾಗ ಅದನ್ನು 512 ಎಂಬಿಗೆ ಎಳೆದವನು ನಾನೇ. ಒಂದಕ್ಕೆ ಕೊಟ್ಟ ಮೇಲೆ ಉಳಿದವಕ್ಕೇಕೆ ಕಡಿಮೆ ಎಂದು ನಾಲ್ಕಕ್ಕೂ ಅಷ್ಟೇ ಇಟ್ಟೆ. ನಾಲ್ಕು ಐನೂರ ಹನ್ನೆರಡು ಸೇರಿದರೆ ಸರಿಯಾಗಿ 2 ಜಿಬಿ, ಲೆಕ್ಕ ಚುಕ್ತಾ ಎಂದುಕೊಂಡಿದ್ದೆ.

ದಸರೆಯ ಹಿಂದಿನ ಶನಿವಾರ ರಾತ್ರಿ, ದಶಮಂಟಪಗಳ ಮೆರವಣಿಗೆ ನೋಡಲು ಬರುವವರೆಲ್ಲ ಒಟ್ಟಿಗೆ ಕೋಣೆ ಹುಡುಕತೊಡಗಿದಾಗ, ಹೋಮ್‌ಸ್ಟೇಯವರು ಫೋನ್ ಮಾಡಿದರು: “ಸಾರ್, ಸೈಟ್ ತೆಗೀತಾನೇ ಇಲ್ಲ, ಡೇಟಾಬೇಸ್ ಏನೋ ಅಂತ ಬರ್ತಾ ಇದೆ.” ನೋಡಿದರೆ ನಾಲ್ಕು ಸೈಟುಗಳೂ ಮಲಗಿದ್ದವು. ಕರ್ನಲ್ ಲಾಗಿನಲ್ಲಿ ಒಂದೇ ಸಾಲು: ಮೆಮೊರಿ ಮುಗಿದ ಕಾರಣ ಲಿನಕ್ಸ್‌ನ ಓಓಎಂ ಕಿಲ್ಲರ್ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಅನ್ನು ಕೊಂದಿತ್ತು. ಯಾರು ಹೆಚ್ಚು ಮೆಮೊರಿ ಹಿಡಿದಿದ್ದಾರೋ ಅವರನ್ನೇ ಅದು ಮೊದಲು ಹುಡುಕುವುದರಿಂದ ತಪ್ಪು ವರ್ಡ್‌ಪ್ರೆಸ್ ಅನ್ನು ನಡೆಸುವ ಪಿಎಚ್‌ಪಿಯದಾದರೂ ಬಲಿ ಬಿದ್ದದ್ದು ಡೇಟಾಬೇಸ್.

ಆ ಸ್ಲೈಡರ್ ಬದಲಿಸುವುದು ಪಿಎಚ್‌ಪಿಯ ಮೆಮೊರಿ ಲಿಮಿಟ್ ಅನ್ನು. ಅದು ಇಡೀ ಸೈಟಿನ ಮಿತಿಯಲ್ಲ, ಒಂದು ಸಲಕ್ಕೆ ಒಂದು ಕೋರಿಕೆಯನ್ನು ನಿಭಾಯಿಸುವ ಒಬ್ಬ ವರ್ಕರ್‌ನ ಮಿತಿ. ಒಂದು ಸೈಟಿಗೆ ಎಷ್ಟು ವರ್ಕರ್‌ಗಳು ಎಂಬುದನ್ನು ಆ ವರ್ಕರ್‌ಗಳನ್ನು ನಡೆಸುವ ಎಫ್‌ಪಿಎಂನ ಮ್ಯಾಕ್ಸ್ ಚಿಲ್ಡ್ರನ್ ಎಂಬ ಇನ್ನೊಂದು ಸಂಖ್ಯೆ ತೀರ್ಮಾನಿಸುತ್ತದೆ. ಪ್ಯಾನೆಲ್ ಅದನ್ನು ‘ಅಡ್ವಾನ್ಸ್‌ಡ್’ ಪುಟದ ಕೊನೆಯಲ್ಲಿ ಬಚ್ಚಿಟ್ಟು, ತಾನೇ 10 ಎಂದು ತುಂಬಿತ್ತು. ನಾಲ್ಕು ಸೈಟು, ತಲಾ ಹತ್ತು ವರ್ಕರ್, ಒಬ್ಬೊಬ್ಬರಿಗೆ 512 ಎಂಬಿ: ಒಟ್ಟು 20 ಜಿಬಿ. ಇರುವುದರ ಹತ್ತು ಪಟ್ಟನ್ನು ನಾನು ಹಂಚಿ ಕುಳಿತಿದ್ದೆ.

ಸಹಾಯವಾಣಿಯ ಉತ್ತರ ಬಂದದ್ದು ಮರುದಿನ ಮಧ್ಯಾಹ್ನ. 4 ಜಿಬಿಯ ಯೋಜನೆಗೆ ಏರಿ ಎಂದಿತ್ತು, ವರ್ಕರ್‌ಗಳ ಸಂಖ್ಯೆಯ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಏರಲಿಲ್ಲ. ಓಡುತ್ತಿರುವ ಪ್ರೋಗ್ರಾಮುಗಳನ್ನು ತೋರಿಸುವ ಪಿಎಸ್ ಆಜ್ಞೆಯಲ್ಲಿ ನೋಡಿದಾಗ ಒಬ್ಬ ವರ್ಕರ್ ನಿಜಕ್ಕೂ ಬಳಸುತ್ತಿದ್ದದ್ದು 60ರಿಂದ 80 ಎಂಬಿ. ಡೇಟಾಬೇಸ್‌ಗೆ 400, ವ್ಯವಸ್ಥೆಗೂ ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್‌ಗೂ ಸೇರಿ 350 ತೆಗೆದಿಟ್ಟರೆ ಉಳಿಯುವುದು ಸುಮಾರು 1300 ಎಂಬಿ. ಎಂಬತ್ತರಿಂದ ಭಾಗಿಸಿದರೆ ಹದಿನಾರು. ಹೋಮ್‌ಸ್ಟೇಗೆ 6, ಕಾಫಿಪುಡಿಗೆ 4, ಉಳಿದೆರಡಕ್ಕೆ ತಲಾ 2 ವರ್ಕರ್‌ಗಳನ್ನು ಕೊಟ್ಟು, ಆ ಎರಡನ್ನು ಆನ್‌ಡಿಮಾಂಡ್‌ಗೆ ಹಾಕಿದೆ. ಯಾರೂ ಬಾರದ ಹೊತ್ತಿನಲ್ಲಿ ಅವುಗಳ ವರ್ಕರ್‌ಗಳು ತಾವಾಗಿಯೇ ಇಳಿದುಹೋಗುತ್ತವೆ. ಮಿತಿಯನ್ನು ಮೂರು ಸೈಟುಗಳಿಗೆ ಪಿಎಚ್‌ಪಿಯಲ್ಲಿ ಮೊದಲಿನಿಂದ ಇರುವ 128 ಎಂಬಿಗೆ ಇಳಿಸಿದೆ. ಹೋಮ್‌ಸ್ಟೇಗೆ ಮಾತ್ರ 256 ಬಿಟ್ಟೆ, ಏಕೆಂದರೆ ಅವರು ಫೋನಿನಲ್ಲಿ ತೆಗೆದ ಫೋಟೋವನ್ನು ಹಾಗೆಯೇ ಏರಿಸುತ್ತಾರೆ: 4000 ಅಗಲ, 3000 ಎತ್ತರದ ಚಿತ್ರ ಕಡತವಾಗಿ ಮೂರ್ನಾಲ್ಕು ಎಂಬಿ ಇದ್ದರೂ, ಗಾತ್ರ ಕುಗ್ಗಿಸಲು ಮೆಮೊರಿಯಲ್ಲಿ ಬಿಚ್ಚಿದಾಗ ಪಿಕ್ಸೆಲ್‌ಗೆ ನಾಲ್ಕು ಬೈಟಿನಂತೆ 4 ಕೋಟಿ 80 ಲಕ್ಷ ಬೈಟು, ಅಂದರೆ ಸುಮಾರು 46 ಎಂಬಿ ನುಂಗುತ್ತದೆ. ವರ್ಕರ್‌ನ ಮಿತಿ ದಾಟಿದರೆ ಕೆಡುವುದು ಆ ಒಂದು ಕೋರಿಕೆ, ಸರ್ವರ್‌ನ ಮಿತಿ ದಾಟಿದರೆ ಎಲ್ಲರ ಅಂಗಡಿಯೂ ಬಂದ್.

ಇನ್ನೊಂದು ಸಿಟ್ಟು ಪ್ಯಾನೆಲ್‌ನ ಗ್ರಾಫಿನ ಮೇಲೆ. ಖಾಲಿ ಮೆಮೊರಿಯನ್ನು ಲಿನಕ್ಸ್ ಕಡತಗಳ ಕ್ಯಾಶ್‌ಗೆ ಬಳಸಿ, ಬೇಕಾದಾಗ ಬಿಟ್ಟುಕೊಡುತ್ತದೆ. ಗ್ರಾಫ್ ಅದನ್ನೂ ಖರ್ಚಿಗೇ ಸೇರಿಸಿ ಸದಾ ತೊಂಬತ್ತರ ಮೇಲೆ ಕೆಂಪಾಗಿರುತ್ತದೆ. ಅದನ್ನು ನಂಬುವುದನ್ನು ಬಿಟ್ಟು ಫ್ರೀ ಆಜ್ಞೆಯ ‘ಅವೈಲಬಲ್’ ಕಾಲಮ್ ನೋಡುತ್ತೇನೆ. ಮೆಮೊರಿ ಸಾಲದಾದಾಗ ಡಿಸ್ಕ್‌ನಲ್ಲಿ ಬಳಸುವ ಜಾಗವಾದ ಸ್ವಾಪ್ ಕೂಡ ಇರಲಿಲ್ಲ, 1 ಜಿಬಿಯದನ್ನು ನಾನೇ ಮಾಡಿಕೊಂಡೆ.

ಮೆಚ್ಚಬೇಕಾದದ್ದೂ ಇದೆ. ಪ್ಯಾನೆಲ್ ಈ ಮಿತಿಯನ್ನು ಅಡ್ಮಿನ್ ವ್ಯಾಲ್ಯೂ ಆಗಿ ಬರೆಯುವುದರಿಂದ ಯಾವ ಪ್ಲಗಿನ್ ಅಥವಾ ವರ್ಡ್‌ಪ್ರೆಸ್ ಸೆಟ್ಟಿಂಗ್ ಅದನ್ನು ತನ್ನಿಷ್ಟಕ್ಕೆ ಏರಿಸಲಾರದು. ರೂಟ್ ಪ್ರವೇಶಕ್ಕೆ ಅಡ್ಡಿಯಿಲ್ಲದ ಕಾರಣ ಮೇಲಿನ ತಿದ್ದುಪಡಿಗಳನ್ನೆಲ್ಲ ಯಾರನ್ನೂ ಕೇಳದೆ ಒಂದೇ ಭಾನುವಾರದಲ್ಲಿ ಮುಗಿಸಿದೆ. ಮುಂದಿನ ವಾರ ದಸರೆಯ ಕೊನೆಯ ದಿನ ಅದೇ 2 ಜಿಬಿಯಲ್ಲಿ ನಾಲ್ಕೂ ಸೈಟುಗಳು ನಡೆದವು. ಬುಕಿಂಗ್ ಪುಟ ಕೆಲವೊಮ್ಮೆ ಎರಡು ಮೂರು ಸೆಕೆಂಡ್ ಕಾಯಿಸಿತು, ಬೀಳಲಿಲ್ಲ.

ಆಜ್ಞೆ ಟೈಪ್ ಮಾಡಲು ಅಂಜದವರಿಗೆ ಈ ಸೇವೆಯನ್ನು ಧೈರ್ಯವಾಗಿ ಹೇಳುತ್ತೇನೆ, ಪ್ಯಾನೆಲ್ ಒಂದನ್ನೇ ನಂಬಿ ಹೋಗುವವರಿಗೆ ಹೇಳುವುದಿಲ್ಲ. ಐದರಲ್ಲಿ ಮೂರೂವರೆ. ಸ್ಲೈಡರ್‌ನ ಮುಂದೆ ‘ಸೈಟಿನ’ ಎಂಬುದನ್ನು ಅಳಿಸಿ ‘ಒಂದು ವರ್ಕರ್‌ನ’ ಎಂದು ಬರೆದ ದಿನ ಉಳಿದ ಅರ್ಧವನ್ನೂ ಸೇರಿಸಿ ನಾಲ್ಕು ಮಾಡುತ್ತೇನೆ.